ಹಸು ಈಯಲು ಕಷ್ಟಪಡುತ್ತಿದ್ದರೆ: ಹಗ್ಗ ಹಿಡಿಯುವ ಮುಂಚೆ ಏನು, ಆಮೇಲೆ ಏನು

ಕರುವಿನ ಕಾಲು ಕಾಣಿಸಿದ ತಕ್ಷಣ ಹಗ್ಗ ಹಾಕಿ ಎಳೆಯುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಒಬ್ಬರು ಗೊರಸು ಕಂಡಿತು ಅನ್ನುತ್ತಾರೆ, ಇನ್ನೊಬ್ಬರು ಹಗ್ಗ ತರುತ್ತಾರೆ, ಅಕ್ಕಪಕ್ಕದ ಮನೆಯ ನಾಲ್ಕು ಜನ ಸೇರಿ ಎಳೆಯುತ್ತಾರೆ. ಕರು ಸತ್ತು ಬರುತ್ತದೆ, ಇಲ್ಲಾ ಕರು ಉಳಿದರೂ ಹಸು ಮೇಲೇಳುವುದಿಲ್ಲ. ಡಾಕ್ಟರಿಗೆ ಫೋನ್ ಹೋಗುವುದು ಎಲ್ಲ ಮುಗಿದ ಮೇಲೆ. ಬಲಕ್ಕೇನೂ ಕೊರತೆ ಇರುವುದಿಲ್ಲ, ಕೆಲಸದ ಕ್ರಮ ತಪ್ಪಿರುತ್ತದೆ. ಮೊದಲು ಗಡಿಯಾರ ನೋಡಬೇಕು, ಆಮೇಲೆ ಹೊರಗಿಂದ ಕಣ್ಣಲ್ಲಿ ನೋಡಬೇಕು, ಆಮೇಲೆ ಕೈ ಹಾಕಿ ನೋಡಬೇಕು. ಅನುಮಾನ ಬಂದ ಜಾಗದಲ್ಲೇ ಫೋನ್ ಮಾಡಬೇಕು. ಎಳೆಯುವ ಮಾತು ಕೊನೆಗೆ.

ಇದನ್ನು ಓದಿ ಡಾಕ್ಟರು ಬೇಡ ಅಂದುಕೊಳ್ಳಬೇಡಿ. ಅವರು ಬರುವ ತನಕ ಏನು ಮಾಡಬಹುದು, ಏನನ್ನು ಮುಟ್ಟಲೇಬಾರದು ಅನ್ನುವುದಷ್ಟೇ ಇಲ್ಲಿದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜೆರ್ಸಿ ಮಿಶ್ರತಳಿ ಹಸುಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ನಾಟಿ ಹಸುವಿಗೂ ಎಮ್ಮೆಗೂ ಹೆಚ್ಚುಕಡಿಮೆ ಇದೇ, ಬೇರೆ ಇರುವ ಕಡೆ ಹೇಳುತ್ತೇನೆ.

## 1. ದಿನ ತುಂಬುವ ಮೊದಲೇ ಆಗಬೇಕಾದ ಕೆಲಸ

ಗರ್ಭ ಕಟ್ಟಲು ಇಂಜೆಕ್ಷನ್ (ಹೋರಿಯ ಸೆಮೆನ್) ಹಾಕಿಸಿದ ತಾರೀಖನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಹಸುವಿಗೆ ಅಲ್ಲಿಂದ ಸುಮಾರು 280 ದಿನ, ಅಂದರೆ ಊರಲ್ಲಿ ಹೇಳುವ ಹಾಗೆ ಒಂಬತ್ತು ತಿಂಗಳು ಒಂಬತ್ತು ದಿನ. ಒಂದು ವಾರ ಹಿಂದೆ ಮುಂದೆ ಆಗಬಹುದು. ಎಮ್ಮೆಗೆ 310 ದಿನದ ಆಸುಪಾಸು. ತಾರೀಖು ಗೊತ್ತಿಲ್ಲದಿದ್ದರೆ ದಿನ ಮೀರಿದೆಯೋ ಇಲ್ಲವೋ ಅನ್ನುವುದೇ ಗೊತ್ತಾಗುವುದಿಲ್ಲ. ದಿನ ಮೀರಿದಷ್ಟೂ ಕರು ದೊಡ್ಡದಾಗುತ್ತಾ ಹೋಗುತ್ತದೆ.

ಯಾವ ಹಸುವಿನ ಮೇಲೆ ಜಾಸ್ತಿ ಕಣ್ಣಿಡಬೇಕು? ಮೊದಲ ಸಲ ಈಯುವ ಪಡ್ಡೆ, ಮೈ ಸಣ್ಣದಿದ್ದು ದೊಡ್ಡ ತಳಿಯ ಸೆಮೆನ್ ಹಾಕಿಸಿದ್ದು, ತಿಂದು ತಿಂದು ಕೊಬ್ಬಿದ್ದು, ಹೋದ ಸಲ ಕಷ್ಟಪಟ್ಟಿದ್ದು. ಮಲೆನಾಡು ಗಿಡ್ಡಕ್ಕೆ ಎಚ್‌ಎಫ್ ಹಾಕಿಸಿ ಆಮೇಲೆ ಕರು ಸಿಕ್ಕಿಹಾಕಿಕೊಂಡಿತು ಅಂದರೆ ಅದು ಒಂಬತ್ತು ತಿಂಗಳ ಹಿಂದೆ ಮಾಡಿದ ತಪ್ಪು. ಈಯುವ ರಾತ್ರಿ ಅದನ್ನು ಸರಿಮಾಡಲು ಆಗುವುದಿಲ್ಲ.

ಜಾಗ ಮುಖ್ಯ. ನುಣುಪು ಸಿಮೆಂಟ್ ನೆಲದ ಮೇಲೆ ನೀರು ಬಿದ್ದರೆ ಹಸುವೂ ಜಾರುತ್ತದೆ, ನೀವೂ ಜಾರುತ್ತೀರಿ. ಮಣ್ಣಿನ ನೆಲ ಇದ್ದರೆ ಅಲ್ಲಿಗೆ ಕಟ್ಟಿ. ಇಲ್ಲದಿದ್ದರೆ ಮರಳು ಹರಡಿ ಮೇಲೆ ದಪ್ಪಗೆ ಒಣಹುಲ್ಲು ಹಾಕಿ. ರಬ್ಬರ್ ಮ್ಯಾಟ್ ಒದ್ದೆಯಾದರೆ ಜಾರುತ್ತದೆ, ಅದರ ಮೇಲೂ ಹುಲ್ಲು ಬೇಕು. ಹಸುವಿನ ಹಿಂದೆ ಇಬ್ಬರು ಕಾಲು ಚಾಚಿ ಕೂರುವಷ್ಟು ಜಾಗ ಇರಲಿ, ಗೋಡೆಗೆ ಒತ್ತಿಕೊಂಡಿರುವ ಕೊಟ್ಟಿಗೆಯಲ್ಲಿ ಏನೂ ಮಾಡಲಾಗುವುದಿಲ್ಲ.

ಒಂದು ಬಕೆಟ್‌ನಲ್ಲಿ ಇಷ್ಟನ್ನು ಜೋಡಿಸಿಟ್ಟಿರಿ: ಭುಜದ ತನಕ ಬರುವ ಪ್ಲಾಸ್ಟಿಕ್ ಗ್ಲೌಸ್ ಕೆಲವು ಜೊತೆ, ಸಾದಾ ಸ್ನಾನದ ಸೋಪು, ಪೊವಿಡೋನ್ ಅಯೋಡಿನ್, ಲಿಕ್ವಿಡ್ ಪ್ಯಾರಾಫಿನ್ ಒಂದು ಬಾಟಲಿ ಅಥವಾ ಡಾಕ್ಟರು ಹೇಳಿದ ಜಾರುವ ಜೆಲ್, ಬೆರಳು ದಪ್ಪದ ಮೆತ್ತನೆಯ ಹಗ್ಗ ಎರಡು ತುಂಡು (ಒಂದೊಂದೂ ಐದಾರು ಅಡಿ, ಕುದಿಸಿ ಒಣಗಿಸಿ ಕವರಿಗೆ ಹಾಕಿದ್ದು), ಶುದ್ಧ ಗೋಣಿಚೀಲ, ಹಳೆಯ ಬೆಡ್‌ಶೀಟ್, ಥರ್ಮಾಮೀಟರ್, ತಲೆಗೆ ಕಟ್ಟುವ ಟಾರ್ಚ್. ಕರೆಂಟ್ ಹೋಗುವುದು ಸರಿಯಾಗಿ ಆ ಹೊತ್ತಿಗೇ, ಬೇಕಾದರೆ ನೋಡಿ.

ಬಟ್ಟೆ ಒಗೆಯುವ ಪೌಡರ್, ಡಿಶ್‌ವಾಶ್ ಇವನ್ನು ಜಾರಲಿ ಅಂತ ಒಳಗೆ ಬಳಸಬೇಡಿ. ಒಳಗಿನ ಪೊರೆ ಉರಿದು ಊದಿಕೊಳ್ಳುತ್ತದೆ, ಇದ್ದ ದಾರಿಯೂ ಕಿರಿದಾಗುತ್ತದೆ. ಪೊವಿಡೋನ್ ಅಯೋಡಿನ್ ಕೂಡ ನೀರಿಗೆ ಬೆರೆಸಿ ಹೊರಗಡೆ ತೊಳೆಯಲಿಕ್ಕೆ, ಹಾಗೇ ಸುರಿಯಲಿಕ್ಕಲ್ಲ.

ಫೋನ್ ನಂಬರು: ಹತ್ತಿರದ ಪಶು ಆಸ್ಪತ್ರೆಯ ವೈದ್ಯರದ್ದು, ಹಾಲಿನ ಡೇರಿಗೆ ಬರುವ ಒಕ್ಕೂಟದ ವೈದ್ಯರದ್ದು, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962. ರಾತ್ರಿ ಹೊತ್ತು ಇವರಲ್ಲಿ ಯಾರು ಬರುತ್ತಾರೆ ಅಂತ ಹಗಲೇ ಕೇಳಿಟ್ಟುಕೊಳ್ಳಿ. ಮಧ್ಯರಾತ್ರಿ ಎರಡು ಗಂಟೆಗೆ ಕೇಳುವ ಪ್ರಶ್ನೆ ಅಲ್ಲ ಅದು.

## 2. ಗಡಿಯಾರ ಇಟ್ಟುಕೊಂಡು ಕಾಯುವುದು

ಕೆಚ್ಚಲು ಬಿಗಿಯುತ್ತದೆ, ಬಾಲದ ಬುಡದ ಎರಡೂ ಪಕ್ಕ ಗುಂಡಿ ಬೀಳುತ್ತದೆ, ಯೋನಿ ಊದಿ ಸಡಿಲವಾಗುತ್ತದೆ, ಲೋಳೆ ಇಳಿಯುತ್ತದೆ. ಈಯುವ ಹಿಂದಿನ ದಿನ ಮೈ ಬಿಸಿ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಇಳಿಯುವುದೂ ಉಂಟು. ಇವೆಲ್ಲ ನಿಮಗೆ ಗೊತ್ತಿರುವುದೇ.

ಜನ ಎಡವುವುದು ಮುಂದಿನ ಹಂತದಲ್ಲಿ. ಹಸು ಏಳುವುದು ಕೂರುವುದು ಮಾಡುತ್ತದೆ, ಬಾಲ ಎತ್ತುತ್ತದೆ, ಮೇವು ಬಿಡುತ್ತದೆ. ಆಗ ಒಳಗೆ ಗರ್ಭಕೋಶದ ಬಾಯಿ ತೆರೆಯುತ್ತಿರುತ್ತದೆ. ಒಂದೆರಡು ಸೂಲು ಆದ ಹಸುವಿಗೆ ಇದು ಎರಡರಿಂದ ಆರು ಗಂಟೆ ಹಿಡಿಯುತ್ತದೆ, ಪಡ್ಡೆಗೆ ಹನ್ನೆರಡು ಗಂಟೆಯೂ ಆಗಬಹುದು. ಈ ಹೊತ್ತಲ್ಲಿ ಅವಸರ ಮಾಡಿ ಕೈ ಹಾಕಿದರೆ, ನಾಲ್ಕು ಜನ ಸುತ್ತ ನಿಂತು ಗಲಾಟೆ ಮಾಡಿದರೆ ಹಸು ಹೆದರಿ ನೋವು ನಿಲ್ಲಿಸಿಬಿಡುತ್ತದೆ. ದೂರದಿಂದ ನೋಡಿ. ನಾಯಿ, ಮಕ್ಕಳು, ನೋಡಲು ಬಂದ ಊರವರು ಎಲ್ಲರೂ ಆಚೆ.

ನೀರ್ಚೀಲ ಕಾಣಿಸಿದ್ದು ಎಷ್ಟು ಗಂಟೆಗೆ, ಒಡೆದದ್ದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ಬಾಯಲ್ಲಿ ಹೇಳಿಕೊಂಡರೆ ಸಾಲದು, ಮೊಬೈಲಲ್ಲಿ ಒಂದು ಫೋಟೊ ತೆಗೆದರೂ ಸಾಕು, ಟೈಮು ಅದರಲ್ಲೇ ಇರುತ್ತದೆ. ಚೀಲವನ್ನು ಬೆರಳು ಹಾಕಿ ಒಡೆಯಬೇಡಿ. ದಾರಿ ಬಿಡಿಸುವುದೇ ಅದರ ಕೆಲಸ.

ಲೆಕ್ಕ ಹೀಗೆ. ನೀರು ಒಡೆದ ಮೇಲೆ ಹಸು ಜೋರಾಗಿ ತಿಣುಕುತ್ತಿದ್ದು ಅರ್ಧ ಗಂಟೆಯಲ್ಲಿ ಏನೂ ಮುಂದೆ ಬಾರದಿದ್ದರೆ ನೋಡಲೇಬೇಕು. ಪಡ್ಡೆಗೆ ಒಂದು ಗಂಟೆ ಕೊಡಿ. ಗೊರಸು ಕಾಣಿಸಿ ಪ್ರತಿ ತಿಣುಕಿಗೂ ಒಂದಿಷ್ಟು ಮುಂದೆ ಬರುತ್ತಿದ್ದರೆ ಸುಮ್ನೆ ಬಿಡಿ, ನಡುನಡುವೆ ಹಸು ಸುಧಾರಿಸಿಕೊಂಡರೂ ಪರವಾಗಿಲ್ಲ.

ನೀರ್ಚೀಲವೇ ಬಾರದೆ ಆರೆಂಟು ಗಂಟೆ ಚಡಪಡಿಸಿ, ಆಮೇಲೆ ತಣ್ಣಗೆ ನಿಂತುಬಿಟ್ಟರೆ? "ನೋವು ನಿಂತಿದೆ, ನಾಳೆ ಈಯುತ್ತದೆ ಬಿಡಿ" ಅನ್ನುತ್ತಾರೆ. ಇದು ಬಹಳ ಅಪಾಯದ ಮಾತು. ಗರ್ಭಚೀಲ ತಿರುಚಿಕೊಂಡಿದ್ದರೂ ಹೀಗೇ ಆಗುತ್ತದೆ, ಎಮ್ಮೆಗಳಲ್ಲಂತೂ ಇದು ಜಾಸ್ತಿ. ಹೊಟ್ಟೆಗೆ ಒದ್ದುಕೊಳ್ಳುವುದು, ಯೋನಿಯ ಒಂದು ತುಟಿ ಒಳಕ್ಕೆ ಎಳೆದ ಹಾಗೆ ಕಾಣುವುದು ಇದ್ದರೆ ಇನ್ನೂ ಅನುಮಾನ. ತಿರುಚಿದ್ದನ್ನು ಹಸುವನ್ನು ಕೆಡವಿ ಸರಿಯಾದ ದಿಕ್ಕಿಗೆ ಹೊರಳಿಸಿ ಬಿಡಿಸುತ್ತಾರೆ. ದಿಕ್ಕು ತಪ್ಪಿದರೆ ತಿರುಚು ಇನ್ನೂ ಬಿಗಿಯುತ್ತದೆ, ಹಾಗಾಗಿ ಅದು ಡಾಕ್ಟರ ಕೆಲಸವೇ.

## 3. ಹೊರಗಿಂದ ಕಾಣುವುದನ್ನು ಓದುವುದು

ಸರಿಯಾಗಿ ಬರುತ್ತಿರುವ ಕರುವಿನ ಎರಡು ಮುಂಗಾಲು ಕಾಣುತ್ತವೆ, ಒಂದು ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ, ಗೊರಸಿನ ಅಡಿಭಾಗ ನೆಲದ ಕಡೆಗೆ. ಅವುಗಳ ಮೇಲೆ ಮೂತಿ ಒರಗಿಕೊಂಡಿರುತ್ತದೆ. ಇದಕ್ಕಿಂತ ಬೇರೆ ಏನು ಕಂಡರೂ ಎಚ್ಚರ.

ಗೊರಸಿನ ಅಡಿ ಆಕಾಶ ನೋಡುತ್ತಿದ್ದರೆ ಹೆಚ್ಚಾಗಿ ಅದು ಹಿಂಗಾಲು. ಒಂದೇ ಕಾಲು ಕಂಡರೆ ಇನ್ನೊಂದು ಒಳಗೆ ಮಡಚಿದೆ. ಎರಡು ಕಾಲು ಮೊಣಕಾಲಿನ ತನಕ ಬಂದರೂ ಮೂತಿ ಇಲ್ಲ ಅಂದರೆ ಕತ್ತು ಪಕ್ಕಕ್ಕೆ ತಿರುಗಿರಬಹುದು. ಬರೀ ಬಾಲ ಕಂಡರೆ, ಅಥವಾ ತಿಣುಕಿ ತಿಣುಕಿ ಏನೂ ಕಾಣದಿದ್ದರೆ, ಕರು ಕುಂಡಿ ಕೊಟ್ಟು ಕೂತಿರಬಹುದು. ಎರಡು ಮುಂಗಾಲು ಒಂದರ ಮೇಲೊಂದು ಕತ್ತರಿ ಹಾಕಿದ ಹಾಗೆ ಬರುತ್ತಿದ್ದರೆ ಕರುವಿನ ಭುಜ ದಾರಿಗಿಂತ ದೊಡ್ಡದು ಅನ್ನುವ ಸೂಚನೆ. ಇದನ್ನು ನೋಡದೆ ಎಳೆಯುವವರು ಬಹಳ ಜನ.

ಬರುವ ದ್ರವದ ಬಣ್ಣವನ್ನೂ ನೋಡಿ. ಹಳದಿ ಕಂದು ಬಣ್ಣ ಇದ್ದರೆ ಕರು ಒಳಗೇ ಸಗಣಿ ಹಾಕಿದೆ, ಅದಕ್ಕೆ ಉಸಿರು ಕಟ್ಟುತ್ತಿದೆ. ಕೆಟ್ಟ ವಾಸನೆ ಇದ್ದರೆ ಕರು ಸತ್ತು ಹೊತ್ತಾಗಿದೆ. ಕೆಂಪು ರಕ್ತ ಸುರಿಯುತ್ತಿದ್ದರೆ ಎಲ್ಲೋ ಹರಿದಿದೆ. ಮೂರಕ್ಕೂ ತಡ ಮಾಡಬಾರದು.

## 4. ಕೈ ಹಾಕುವ ಮುಂಚೆ, ನಿಮ್ಮ ಮೈ ಕಾಪಾಡಿಕೊಳ್ಳಿ

ಉಂಗುರ, ವಾಚು, ಕೈದಾರ ತೆಗೆಯಿರಿ. ಉಗುರು ಕತ್ತರಿಸಿ. ಕೈಯಲ್ಲಿ ಗಾಯ ಇದ್ದರೆ ನೀವು ಬೇಡ, ಬೇರೆಯವರು ಹಾಕಲಿ.

ಗ್ಲೌಸ್ ಯಾಕೆ ಅಂದರೆ ಬ್ರುಸೆಲ್ಲೋಸಿಸ್. ಈಯುವಾಗಿನ ನೀರು, ಸತ್ತೆ (ಕರು ಬಂದ ಮೇಲೆ ಬೀಳುವ ಮಾಸು), ಕಂದು ಹಾಕಿದ (ದಿನ ತುಂಬುವ ಮೊದಲೇ ಬಿದ್ದ) ಕರು ಇವುಗಳಲ್ಲಿ ಆ ರೋಗದ ಬ್ಯಾಕ್ಟೀರಿಯಾ ತುಂಬಿಕೊಂಡಿರುತ್ತದೆ. ಮನುಷ್ಯರಿಗೆ ತಗುಲಿದರೆ ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲು ಸೊಂಟದ ನೋವು, ತಿಂಗಳುಗಟ್ಟಲೆ. ಪಶುವೈದ್ಯರೇ ಎಷ್ಟೋ ಜನ ಇದಕ್ಕೆ ಸಿಕ್ಕಿದ್ದಾರೆ. ಏಳೆಂಟು ತಿಂಗಳಿಗೆ ಕಂದು ಹಾಕುವ ಹಸು ಕೊಟ್ಟಿಗೆಯಲ್ಲಿದ್ದರೆ ಇನ್ನೂ ಹುಷಾರು. ಗರ್ಭಿಣಿಯರು ಈ ಕೆಲಸದ ಹತ್ತಿರವೂ ಬರಬಾರದು. ಕೊಟ್ಟಿಗೆ ಕೆಲಸ ಹೆಂಗಸರದ್ದೇ ಆದ ಮನೆಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳಬೇಕಾಗುತ್ತದೆ.

ಇನ್ನೊಂದು ವಿಷಯ ಕೆಲವರಿಗೆ ಗೊತ್ತೇ ಇಲ್ಲ. ಈಯುವ ದಿನ ಬಂದಿಲ್ಲ, ಆದರೂ ತಿಣುಕುತ್ತಿದೆ, ಗಂಟಲು ಒಡೆದ ಹಾಗೆ ಕೂಗುತ್ತಿದೆ, ಜೊಲ್ಲು ಸುರಿಯುತ್ತಿದೆ ಅಂದರೆ ಅದು ರೇಬೀಸ್ ಆಗಿರಬಹುದು. ಹಿಂದೆಯೂ ಕೈ ಹಾಕಬೇಡಿ, ಬಾಯಿಗೂ ಕೈ ಹಾಕಬೇಡಿ. ದೂರ ನಿಂತು ಫೋನ್ ಮಾಡಿ.

ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ. ನಿಂತ ಹಸು ನೋವಿಗೆ ದಬಕ್ಕನೆ ಮಲಗುತ್ತದೆ, ಕುತ್ತಿಗೆ ಹಗ್ಗ ಗಿಡ್ಡ ಇದ್ದರೆ ನೇಣು ಬಿಗಿದ ಹಾಗೆ ಆಗುತ್ತದೆ. ನಿಮ್ಮ ತೋಳು ಒಳಗಿರುವಾಗ ಅದು ಮಲಗಿದರೆ ತೋಳು ಮುರಿಯುತ್ತದೆ, ಆದ್ದರಿಂದ ಹಸುವಿನ ತಲೆಯ ಹತ್ತಿರ ಒಬ್ಬರು ನಿಂತು ಅದು ಮೊಣಕಾಲು ಬಗ್ಗಿಸಿದ ತಕ್ಷಣ ಕೂಗಿ ಹೇಳಬೇಕು. ಹಸು ಪಕ್ಕಕ್ಕೂ ಬೀಸಿ ಒದೆಯುತ್ತದೆ, ಕಾಲಿನ ಪಕ್ಕ ಕೂರಬೇಡಿ.

## 5. ಒಳಗೆ ಏನಿದೆ ಅಂತ ನೋಡುವುದು

ಯೋನಿಯ ಸುತ್ತ, ಬಾಲದ ಬುಡ, ಕುಂಡಿ ಎಲ್ಲವನ್ನೂ ಸೋಪು ನೀರಿನಲ್ಲಿ ತೊಳೆಯಿರಿ. ಬಾಲವನ್ನು ಹಸುವಿನ ಕುತ್ತಿಗೆಗೇ ದಾರ ಹಾಕಿ ಪಕ್ಕಕ್ಕೆ ಕಟ್ಟಿ, ಕಂಬಕ್ಕೆ ಕಟ್ಟಬೇಡಿ. ಗ್ಲೌಸ್ ಮೇಲೆ ಧಾರಾಳವಾಗಿ ಪ್ಯಾರಾಫಿನ್ ಹಚ್ಚಿ, ಐದೂ ಬೆರಳು ಕೂಡಿಸಿ ಮೆಲ್ಲಗೆ ಒಳಗೆ ಬಿಡಿ. ಹಸು ತಿಣುಕಿದಾಗ ಕೈ ಅಲ್ಲೇ ನಿಲ್ಲಿಸಿ. ಸೊಂಟದ ಮೂಳೆಯ ಬಳೆಗೂ ಕರುವಿನ ತಲೆಗೂ ನಡುವೆ ಮಣಿಕಟ್ಟು ಸಿಕ್ಕಿ ಬೆರಳು ಜೋಮು ಹಿಡಿಯುತ್ತದೆ, ಯಾವುದು ಮೂತಿ ಯಾವುದು ಗೊರಸು ಅನ್ನುವುದೇ ತಿಳಿಯುವುದಿಲ್ಲ. ನೋವು ಇಳಿದ ಮೇಲೆ ಬೆರಳಾಡಿಸಿ. ಆಗ ಗೊತ್ತಾಗುತ್ತದೆ.

ಮೊದಲು ದಾರಿ ತೆರೆದಿದೆಯಾ ನೋಡಿ. ಕೈ ಸುತ್ತ ಉಂಗುರದ ಹಾಗೆ ಗಟ್ಟಿ ಅಂಚು ಸಿಕ್ಕರೆ ಗರ್ಭಕೋಶದ ಬಾಯಿ ಇನ್ನೂ ಪೂರ್ತಿ ತೆರೆದಿಲ್ಲ. ಎಳೆದರೆ ಹರಿಯುತ್ತದೆ. ಕೈ ತೆಗೆದು ಡಾಕ್ಟರಿಗೆ ಹೇಳಿ. ಗೋಡೆಯಲ್ಲಿ ಸುರುಳಿ ಸುತ್ತಿದ ಹಾಗೆ ಮಡಿಕೆ ಸಿಕ್ಕರೆ ಅದು ತಿರುಚಿದ ಗರ್ಭಚೀಲ.

ಆಮೇಲೆ ಕಾಲು. ಮುಂಗಾಲೋ ಹಿಂಗಾಲೋ ತಿಳಿಯಲು ಗೊರಸಿನಿಂದ ಮೇಲಕ್ಕೆ ಕೈ ಒಯ್ಯಿರಿ. ಮೊದಲ ಗೆಣ್ಣು ಮತ್ತು ಅದರ ಮೇಲಿನ ಕೀಲು ಎರಡೂ ಒಂದೇ ಕಡೆಗೆ ಮಡಚಿದರೆ ಮುಂಗಾಲು. ಒಂದು ಈ ಕಡೆ, ಇನ್ನೊಂದು ಆ ಕಡೆ ಮಡಚಿ ಮೇಲಿನ ಕೀಲಿನ ಹಿಂದೆ ಚೂಪು ಮೂಳೆ ಸಿಕ್ಕರೆ ಹಿಂಗಾಲು. ಎರಡೂ ಕಾಲು ಒಂದೇ ಕರುವಿನದ್ದಾ ಅಂತ ಭುಜದ ತನಕ, ಎದೆಯ ತನಕ ಕೈ ಒಯ್ದು ನೋಡಿ. ಅವಳಿ ಇದ್ದಾಗ ಒಂದರ ಕಾಲು, ಇನ್ನೊಂದರ ಕಾಲು ಒಟ್ಟಿಗೆ ಕಟ್ಟಿ ಎಳೆದ ಉದಾಹರಣೆಗಳಿವೆ.

ಕರು ಬದುಕಿದೆಯಾ? ಗೊರಸಿನ ಸೀಳು ಚಿವುಟಿದರೆ ಕಾಲು ಎಳೆದುಕೊಳ್ಳುತ್ತದೆ, ಬಾಯಿಗೆ ಬೆರಳಿಟ್ಟರೆ ಚೀಪುತ್ತದೆ. ಹಿಂದು ಮುಂದಾಗಿ ಬಂದಿದ್ದರೆ ಗುದಕ್ಕೆ ಬೆರಳು ತಾಗಿಸಿದಾಗ ಬಿಗಿಯುತ್ತದೆ. ಸುಸ್ತಾದ ಕರು ತಡವಾಗಿ ಉತ್ತರಿಸಬಹುದು, ಒಂದೇ ಸಲಕ್ಕೆ ಸತ್ತಿದೆ ಅಂತ ತೀರ್ಮಾನಿಸಬೇಡಿ.

ನೋಡುವುದು ಐದು ನಿಮಿಷದಲ್ಲಿ ಮುಗಿಯಬೇಕು. ಒಬ್ಬರಾದ ಮೇಲೆ ಒಬ್ಬರು "ನಾನೂ ಒಂದು ಸಲ ನೋಡ್ತೀನಿ" ಅಂತ ಕೈ ಹಾಕಿದರೆ ಒಳಗೆಲ್ಲ ಊದಿ ಒಣಗುತ್ತದೆ. ಡಾಕ್ಟರು ಬಂದಾಗ ಅವರ ಕೈ ಹೋಗಲು ಜಾಗವೇ ಇರುವುದಿಲ್ಲ.

## 6. ಇಲ್ಲಿ ನಿಲ್ಲಿಸಿ, ಫೋನ್ ಮಾಡಿ

ಕತ್ತು ತಿರುಗಿದೆ, ಕಾಲು ಮಡಚಿದೆ, ಬರೀ ಬಾಲ ಸಿಕ್ಕಿದೆ, ಗರ್ಭಕೋಶದ ಬಾಯಿ ತೆರೆದಿಲ್ಲ, ಗರ್ಭಚೀಲ ತಿರುಚಿದೆ, ಕಾಲು ಕತ್ತರಿ ಹಾಕಿದೆ, ಕರು ಸತ್ತು ಊದಿದೆ, ನಿಮಗೆ ಏನು ಸಿಕ್ಕಿತು ಅಂತಲೇ ಗೊತ್ತಾಗಲಿಲ್ಲ. ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಎಳೆಯುವ ಮಾತೇ ಇಲ್ಲ. ಮಡಚಿದ ಕಾಲನ್ನು ಬಿಡಿಸಬೇಕಾದರೆ ಕರುವನ್ನು ಒಳಕ್ಕೆ ತಳ್ಳಿ, ಗೊರಸು ಗರ್ಭಚೀಲಕ್ಕೆ ಚುಚ್ಚದ ಹಾಗೆ ಅಂಗೈಯಲ್ಲಿ ಮುಚ್ಚಿ ಹೊರಳಿಸಬೇಕು. ಡಾಕ್ಟರು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ತಿಣುಕು ನಿಲ್ಲಿಸಿ ಮಾಡುವ ಕೆಲಸ ಅದು.

ಫೋನಿನಲ್ಲಿ "ಬೇಗ ಬನ್ನಿ ಸಾರ್" ಅಂದರೆ ಸಾಲದು. ಎಷ್ಟನೇ ಸೂಲು, ದಿನ ತುಂಬಿದೆಯಾ, ನೀರು ಒಡೆದದ್ದು ಎಷ್ಟು ಗಂಟೆಗೆ, ಏನು ಕಾಣಿಸುತ್ತಿದೆ, ಹಸು ನಿಂತಿದೆಯಾ ಮಲಗಿದೆಯಾ, ಯಾರಾದರೂ ಆಗಲೇ ಎಳೆದಿದ್ದಾರಾ. ಕೊನೆಯದನ್ನು ಮುಚ್ಚಿಡಬೇಡಿ. ಇಷ್ಟು ಗೊತ್ತಾದರೆ ಅವರು ಬೇಕಾದ ಸಾಮಾನು ತೆಗೆದುಕೊಂಡೇ ಹೊರಡುತ್ತಾರೆ.

ಕಾಯುವಾಗ ಮಾಡಬಾರದ್ದು ಎರಡು. ಒಂದು, ಆಕ್ಸಿಟೋಸಿನ್ ಇಂಜೆಕ್ಷನ್. ಕರು ಸಿಕ್ಕಿಕೊಂಡಿರುವಾಗ ಅದನ್ನು ಕೊಟ್ಟರೆ ಗರ್ಭಚೀಲವೇ ಒಡೆಯಬಹುದು. ಎರಡು, ಮಲಗಿದ ಹಸುವಿಗೆ ಬಾಯಿಯಿಂದ ಬೆಲ್ಲದ ನೀರು, ಕ್ಯಾಲ್ಸಿಯಂ ಬಾಟಲಿ ಗೊಟ್ಟ ಹಾಕುವುದು. ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ಒರಗಿಸಿ, ನೋವೇ ಇಲ್ಲದೆ ಮಲಗಿದ್ದರೆ ಅದು ಕ್ಯಾಲ್ಸಿಯಂ ಕೊರತೆ ಇರಬಹುದು ನಿಜ. ಆದರೆ ಆ ಸ್ಥಿತಿಯಲ್ಲಿ ನುಂಗುವ ಶಕ್ತಿ ಕಡಿಮೆ, ಗೊಟ್ಟ ಹಾಕಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ನರಕ್ಕೆ ಕೊಡುವ ಕ್ಯಾಲ್ಸಿಯಂ ಕೂಡ ನಿಧಾನಕ್ಕೆ, ಎದೆಬಡಿತ ಕೇಳಿಕೊಂಡು ಕೊಡಬೇಕು. ಜೋರಾಗಿ ಬಿಟ್ಟರೆ ಹೃದಯ ನಿಲ್ಲುತ್ತದೆ.

ಆಪರೇಷನ್ ಬೇಕು ಅಂದರೆ ಹೆದರಬೇಡಿ. ಹೆಚ್ಚಾಗಿ ಎಡ ಪಕ್ಕೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕರು ತೆಗೆಯುತ್ತಾರೆ, ಎಷ್ಟೋ ಸಲ ಹಸು ನಿಂತೇ ಇರುತ್ತದೆ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯ ಕಾಲೇಜುಗಳ ಹತ್ತಿರದವರಿಗೆ ಅಲ್ಲಿಗೆ ಒಯ್ಯುವ ದಾರಿಯೂ ಇದೆ. ಎಳೆದು ಎಳೆದು ಸೋತ ಮೇಲೆ ಮಾಡಿಸಿದ ಆಪರೇಷನ್ನಿಗೂ ಮೊದಲೇ ಮಾಡಿಸಿದ್ದಕ್ಕೂ ಬಹಳ ವ್ಯತ್ಯಾಸ.

## 7. ಎಳೆಯುವುದು, ಅದೂ ಎಲ್ಲ ಸರಿ ಇದ್ದರೆ ಮಾತ್ರ

ಎರಡು ಮುಂಗಾಲು, ಮೂತಿ, ಪೂರ್ತಿ ತೆರೆದ ದಾರಿ. ಈ ಮೂರೂ ಇದ್ದರೆ ಮುಂದುವರಿಯಿರಿ.

ಹಗ್ಗ ಹಾಕುವುದು. ಪ್ರತಿ ಕಾಲಿಗೂ ಬೇರೆ ಬೇರೆ ಹಗ್ಗ. ಮೊದಲ ಕುಣಿಕೆ ಗೆಣ್ಣಿನ ಮೇಲೆ, ಎರಡನೇ ಸುತ್ತು ಗೆಣ್ಣಿನ ಕೆಳಗೆ, ಗೊರಸಿನ ಮೇಲೆ. ಒಂದೇ ಕುಣಿಕೆ ಹಾಕಿದರೆ ಎಲ್ಲ ಎಳೆತ ಒಂದೇ ಜಾಗಕ್ಕೆ ಬಿದ್ದು ಎಳೆ ಮೂಳೆ ಮುರಿಯುತ್ತದೆ. ಕೆಳದವಡೆಗೆ ಹಗ್ಗ ಕಟ್ಟಿ ಎಳೆಯಬೇಡಿ, ದವಡೆ ಕೈಗೆ ಬರುತ್ತದೆ.

ಹಸುವನ್ನು ಮಲಗಿಸುವುದು. ಮಲಗಿದ ಹಸುವಿಗೆ ತಿಣುಕಲು ಸುಲಭ. ಬಲ ಪಕ್ಕಕ್ಕೆ ಮಲಗಿದರೆ ಒಳ್ಳೆಯದು, ದೊಡ್ಡ ಹೊಟ್ಟೆ ಎಡಗಡೆ ಇರುವುದರಿಂದ ಭಾರ ಮೇಲಕ್ಕೆ ಹೋಗಿ ದಾರಿಗೆ ಜಾಗ ಸಿಗುತ್ತದೆ. ಬಲವಂತವಾಗಿ ಕೆಡವಬೇಡಿ.

ಪರೀಕ್ಷೆಯ ಎಳೆತ. ತಲೆಯೂ ದಾರಿಗೆ ಬಂದಿದೆ ಅಂತ ನೋಡಿಕೊಂಡು, ಹಸು ತಿಣುಕಿದಾಗ ಒಂದೊಂದೇ ಕಾಲನ್ನು ಎಳೆಯಿರಿ. ಎರಡೂ ಗೆಣ್ಣು ಯೋನಿಯಿಂದ ಒಂದು ಅಂಗೈ ಅಗಲ ಹೊರಗೆ ಬಂದರೆ ಭುಜ ಮೂಳೆಯ ಬಳೆ ದಾಟಿದೆ ಅಂತ ಅರ್ಥ, ಕರು ಹೊರಬರುವ ಸಾಧ್ಯತೆ ಚೆನ್ನಾಗಿದೆ. ಗೆಣ್ಣು ಬಾಗಿಲಲ್ಲೇ ನಿಂತರೆ, ಇಬ್ಬರು ಎಳೆದರೂ ಅಲುಗದಿದ್ದರೆ, ನಿಲ್ಲಿಸಿ. ಮೂರನೇ ಮನುಷ್ಯನನ್ನು ಕರೆಯುವ ಜಾಗದಲ್ಲಿ ಡಾಕ್ಟರನ್ನು ಕರೆಯಿರಿ.

ಎಳೆತದ ಲಯ. ಹಸು ತಿಣುಕಿದಾಗ ಎಳೆಯಿರಿ, ಬಿಟ್ಟಾಗ ಬಿಡಿ. ಹಗ್ಗ ಬಿಗಿಯಾಗಿಟ್ಟುಕೊಂಡರೆ ಸಾಕು, ಎಳೆಯುತ್ತಲೇ ಇರಬೇಡಿ. ಎರಡೂ ಕಾಲನ್ನು ಒಟ್ಟಿಗೆ ಎಳೆದರೆ ಎರಡು ಭುಜ ಒಂದೇ ಸಲ ದಾರಿಗೆ ಬಂದು ಸಿಕ್ಕಿಕೊಳ್ಳುತ್ತವೆ, ಒಂದು ಸಲ ಎಡ, ಒಂದು ಸಲ ಬಲ ಅಂತ ಎಳೆದರೆ ಒಂದಾದ ಮೇಲೆ ಒಂದು ಜಾರುತ್ತವೆ, ದಪ್ಪ ಮಂಚವನ್ನು ಬಾಗಿಲಿಂದ ಓರೆ ಮಾಡಿ ದಾಟಿಸುತ್ತೇವಲ್ಲ ಹಾಗೆ. ಇನ್ನೊಬ್ಬರು ಯೋನಿಯ ಅಂಚಿಗೆ ಪ್ಯಾರಾಫಿನ್ ಹಚ್ಚುತ್ತಾ, ಕರುವಿನ ನೆತ್ತಿಯ ಮೇಲೆ ಬಿಗಿದಿರುವ ಯೋನಿಯ ಚರ್ಮವನ್ನು ಕೈಯಿಂದ ಹಿಗ್ಗಿಸುತ್ತಾ ಇರಲಿ. ಇಲ್ಲಿ ಅವಸರ ಮಾಡಿದರೆ ಗುದದ ತನಕ ಹರಿಯುತ್ತದೆ.

ದಿಕ್ಕು. ತಲೆ ಹೊರಬರುವ ತನಕ ನೇರ ಹಿಂದಕ್ಕೆ. ತಲೆ, ಎದೆ ಬಂದ ಮೇಲೆ ಹಸುವಿನ ಹಿಂಗಾಲಿನ ಕಡೆಗೆ, ಅಂದರೆ ಕೆಳಮುಖವಾಗಿ. ಪಕ್ಕೆಲುಬು ದಾಟಿದಾಗ ಒಂದು ಕ್ಷಣ ನಿಲ್ಲಿಸಿ ಕರುವಿನ ಮೂಗಿನ ಲೋಳೆ ಒರೆಸಿ. ಈಗ ಕರುವನ್ನು ಅರ್ಧ ಅಡ್ಡ ತಿರುಗಿಸಿ, ಅದರ ಸೊಂಟ ಓರೆಯಾಗಿ ದಾಟಲಿ. ಸೊಂಟ ಸಿಕ್ಕಿಹಾಕಿಕೊಳ್ಳುವುದು ಈ ತಿರುಗಿಸುವುದನ್ನು ಮರೆತಾಗ. ಆಗ ಇನ್ನೂ ಜೋರಾಗಿ ಎಳೆದರೆ ಹಸುವಿನ ಒಳತೊಡೆಯ ನರ ಜಜ್ಜಿ ಹಿಂಗಾಲು ಎರಡೂ ಅಗಲಕ್ಕೆ ಜಾರುತ್ತವೆ, ಏಳಲು ಆಗುವುದಿಲ್ಲ.

ಟ್ರ್ಯಾಕ್ಟರ್, ಬೈಕು, ಎತ್ತು, ಕಂಬಕ್ಕೆ ಕಟ್ಟಿದ ರಾಟೆ ಇವು ಯಾವುದೂ ಬೇಡ. ಇಬ್ಬರ ಕೈಬಲ ಸಾಲದು ಅಂದರೆ ಬಲದಿಂದ ಆಗುವ ಕೆಲಸವೇ ಅಲ್ಲ ಅದು.

## 8. ಹಿಂಗಾಲು ಮೊದಲು ಬಂದರೆ

ಎರಡೂ ಹಿಂಗಾಲು ನೆಟ್ಟಗೆ ಬಂದಿದ್ದು, ಬಾಲ ಕೈಗೆ ಸಿಕ್ಕಿದರೆ ಹಾಗೆಯೇ ಹೊರತೆಗೆಯಬಹುದು. ಕರುವನ್ನು ಒಳಗೇ ತಿರುಗಿಸಲು ಹೋಗಬೇಡಿ. ಡಾಕ್ಟರು ಅರ್ಧ ಗಂಟೆಯಲ್ಲಿ ಬರುತ್ತಾರೆ ಅಂದರೆ ಕಾಯುವುದೇ ವಾಸಿ.

ಕಾಯಲು ಆಗದಿದ್ದರೆ ಮೊದಲು ದಾರಿಗೆ ಜೆಲ್ ಚೆನ್ನಾಗಿ ಹಚ್ಚಿ, ಜನ, ಗೋಣಿಚೀಲ ಎಲ್ಲ ಸಿದ್ಧ ಮಾಡಿಕೊಳ್ಳಿ. ಸೊಂಟ ಬರುವ ತನಕ ನಿಧಾನ, ಸ್ವಲ್ಪ ಮೇಲ್ಮುಖವಾಗಿ. ಹಿಂಗಾಲಿನ ಚೂಪು ಕೀಲು ಎರಡೂ ಹೊರಬಂದರೆ ಮುಂದೆ ಬರುವ ಸಾಧ್ಯತೆ ಇದೆ. ಬಾಲದ ಬುಡ ಹೊರಬಂದ ಮೇಲೆ ಮಾತ್ರ ನಿಲ್ಲುವ ಹಾಗಿಲ್ಲ. ಹೊಕ್ಕುಳಬಳ್ಳಿ ಹಸುವಿನ ಮೂಳೆಗೆ ಒತ್ತಿಕೊಂಡು ರಕ್ತ ನಿಲ್ಲುತ್ತದೆ, ತಲೆ ಇನ್ನೂ ನೀರಿನಲ್ಲಿದೆ. ಎರಡು ಮೂರು ನಿಮಿಷದೊಳಗೆ ಹೊರಬರಬೇಕು. ಮೊದಲು ಅವಸರ ಮಾಡಿ ಇಲ್ಲಿ ಸುಸ್ತಾಗಿ ನಿಲ್ಲುವುದರಿಂದಲೇ ಎಷ್ಟೋ ಕರು ಹೋಗುತ್ತವೆ.

## 9. ಕರು ಹೊರಬಂದ ಮೇಲೆ

ಮೂಗು ಬಾಯಿ ಒರೆಸಿ. ಎದೆಯ ಮೇಲೆ ಕೂರುವ ಹಾಗೆ, ಕಾಲು ಎರಡು ಕಡೆ ಮಾಡಿ ಇಡಿ, ಎರಡೂ ಶ್ವಾಸಕೋಶಕ್ಕೆ ಗಾಳಿ ಆಡುತ್ತದೆ. ಉಸಿರು ಬರದಿದ್ದರೆ ಒಣಹುಲ್ಲಿನ ಕಡ್ಡಿ ಮೂಗಿನೊಳಗೆ ಆಡಿಸಿ, ತಲೆ ಕಿವಿಗೆ ತಣ್ಣೀರು ಎರಚಿ, ಗೋಣಿಚೀಲದಿಂದ ಪಕ್ಕೆ ಜೋರಾಗಿ ಉಜ್ಜಿ. ಹಿಂಗಾಲು ಹಿಡಿದು ತಲೆಕೆಳಗೆ ನೇತಾಡಿಸುವುದು, ಬೀಸುವುದು ಬೇಡ. ಸುರಿಯುವ ನೀರು ಹೆಚ್ಚಾಗಿ ಹೊಟ್ಟೆಯದ್ದು, ಕರುಳಿನ ಭಾರವೆಲ್ಲ ಶ್ವಾಸಕೋಶದ ಮೇಲೆ ಬಿದ್ದು ಉಸಿರು ಇನ್ನೂ ಕಷ್ಟವಾಗುತ್ತದೆ.

ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಅಥವಾ ಪೊವಿಡೋನ್ ಅಯೋಡಿನ್ ಹಚ್ಚಿ. ಸಗಣಿ, ಬೂದಿ, ಅರಿಶಿನ ಬೇಡ.

ಗಿಣ್ಣು ಹಾಲನ್ನು ಒಂದೆರಡು ಗಂಟೆಯೊಳಗೆ ಕುಡಿಸಿ. ಮೊದಲ ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಪಾಲು, 30 ಕೆಜಿ ಕರುವಿಗೆ ಸುಮಾರು 3 ಲೀಟರ್, ಎರಡು ಮೂರು ಸಲವಾಗಿ. "ಸತ್ತೆ ಬೀಳುವ ತನಕ ಹಾಲು ಕರೆಯಬಾರದು" ಅನ್ನುವ ಮಾತು ಇನ್ನೂ ಎಷ್ಟೋ ಮನೆಯಲ್ಲಿದೆ. ಅದು ಉಲ್ಟಾ. ಕರು ಚೀಪಿದರೆ ಹಸುವಿನ ಮೈಯಲ್ಲೇ ಆಕ್ಸಿಟೋಸಿನ್ ಬಂದು ಸತ್ತೆ ಬೀಳಲು ಅನುಕೂಲವಾಗುತ್ತದೆ. ಗಿಣ್ಣನ್ನು ಬೀದಿಗೆಲ್ಲ ಹಂಚುವುದು ಕರುವಿನ ಪಾಲು ಆದ ಮೇಲೆ.

## 10. ಹಸುವಿನ ಕಡೆ ತಿರುಗಿ ನೋಡಿ

ಕರು ಉಳಿಯಿತು ಅನ್ನುವ ಖುಷಿಯಲ್ಲಿ ಹಸುವನ್ನು ಮರೆಯುತ್ತಾರೆ. ಒಳಗೆ ಇನ್ನೊಂದು ಕರು ಇದೆಯಾ ಅಂತ ಹೊಸ ಗ್ಲೌಸ್ ಹಾಕಿ ಒಂದು ಸಲ ನೋಡಿ. ರಕ್ತ ಹನಿಯುವುದು ಸರಿ, ಧಾರೆಯಾಗಿ ಬರುವುದು ಸರಿಯಲ್ಲ. ಹೊಸದಾಗಿ ಈದ ಹಸು ಸಾಧುವಾಗಿದ್ದರೂ ಹಾಯುತ್ತದೆ, ಕರುವಿಗೂ ಅದಕ್ಕೂ ನಡುವೆ ನಿಲ್ಲಬೇಡಿ.

ಗರ್ಭಚೀಲ ಹೊರಬಿದ್ದರೆ. ಕೆಂಪಗೆ ದೊಡ್ಡದಾಗಿ, ಮೈತುಂಬ ಗುಂಡಿಯಂಥ ಗಂಟುಗಳಿರುವ ಚೀಲ ಜೋತಾಡುತ್ತದೆ. ಅದನ್ನು ಸತ್ತೆ ಅಂತ ತಿಳಿದು ಎಳೆದರೆ, ಕೊಯ್ದರೆ ಹಸು ಅಲ್ಲೇ ಹೋಗುತ್ತದೆ. ಹಸುವನ್ನು ನಡೆಸಬೇಡಿ, ಒಳಗಿನ ದೊಡ್ಡ ರಕ್ತನಾಳ ಹರಿಯಬಹುದು. ಚೀಲವನ್ನು ಶುದ್ಧ ನೀರಿನಲ್ಲಿ ತೊಳೆದು, ಒದ್ದೆ ಬೆಡ್‌ಶೀಟಿನಲ್ಲಿ ಸುತ್ತಿ, ಇಬ್ಬರು ಯೋನಿಯ ಮಟ್ಟಕ್ಕೆ ಎತ್ತಿ ಹಿಡಿದಿರಿ. ನಾಯಿ ಕಾಗೆ ಹತ್ತಿರ ಬರದಂತೆ ನೋಡಿ. ಡಾಕ್ಟರಿಗೆ ಹೇಳುವಾಗ "ಮೈ ಬಿದ್ದಿದೆ" ಅಂತ ಮೊದಲ ಮಾತಲ್ಲೇ ಹೇಳಿ, ಇದಕ್ಕಿಂತ ಅವಸರದ್ದು ಇನ್ನೊಂದಿಲ್ಲ.

ಹಸು ಏಳದಿದ್ದರೆ. ಹೊಡೆದು ಎಬ್ಬಿಸಬೇಡಿ. ಮೆತ್ತನೆಯ ಮಣ್ಣಿನ ಮೇಲೆ ದಪ್ಪ ಹುಲ್ಲು ಹಾಕಿ, ನಾಲ್ಕು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ. ಹಿಂಗಾಲು ಅಗಲಕ್ಕೆ ಜಾರುತ್ತಿದ್ದರೆ ಎರಡನ್ನೂ ಸುಮಾರು ಎರಡು ಅಡಿ ಅಂತರದಲ್ಲಿ ಮೆತ್ತನೆಯ ಬಟ್ಟೆಯಿಂದ ಕಟ್ಟಿ. ಕ್ಯಾಲ್ಸಿಯಂ ಕೊರತೆಯೋ ನರದ ಪೆಟ್ಟೋ ಅನ್ನುವುದನ್ನು ಡಾಕ್ಟರು ನೋಡಲಿ, ಎರಡಕ್ಕೂ ಚಿಕಿತ್ಸೆ ಬೇರೆ.

## 11. ಸತ್ತೆ, ಮತ್ತು ಮುಂದಿನ ದಿನಗಳು

ಸತ್ತೆ 12 ಗಂಟೆಯೊಳಗೆ ಬೀಳಬೇಕು. ಬೀಳದಿದ್ದರೆ ಕಲ್ಲು, ಹಳೆ ಚಪ್ಪಲಿ ಕಟ್ಟಿ ಜೋತು ಬಿಡುವುದು, ಕೈ ಹಾಕಿ ಕಿತ್ತು ತೆಗೆಯುವುದು ಬೇಡ. ಹಸುವಿಗೆ ತುಳಿಯಲು ಸಿಗುವಷ್ಟು ಉದ್ದ ಇದ್ದರೆ ಹೊರಗಿನ ಭಾಗವನ್ನಷ್ಟೇ ಕತ್ತರಿಸಿ. ಜ್ವರ, ಮೇವು ಬಿಡುವುದು, ವಾಸನೆಯ ಕೀವು ಇದ್ದರೆ ಅದೇ ದಿನ ತೋರಿಸಿ.

ಬಿದ್ದ ಸತ್ತೆಯನ್ನು ಚೀಲಕ್ಕೆ ತುಂಬಿ ಆಲದ ಮರಕ್ಕೆ ನೇತು ಹಾಕುವುದು ನಮ್ಮಲ್ಲಿ ರೂಢಿ, ಹಾಲು ಹೆಚ್ಚುತ್ತದೆ ಅಂತ. ಕಾಗೆ ಕಿತ್ತು ಬೀಳಿಸುತ್ತದೆ, ನಾಯಿ ಎಳೆದಾಡುತ್ತದೆ, ಬ್ರುಸೆಲ್ಲಾ ಇದ್ದರೆ ಊರಿಗೆಲ್ಲ ಹರಡುತ್ತದೆ. ಹಿರಿಯರ ಜೊತೆ ಜಗಳ ಬೇಡ ಅಂದರೆ ಆ ಮರದ ಹತ್ತಿರವೇ ಮೂರು ನಾಲ್ಕು ಅಡಿ ಗುಂಡಿ ತೋಡಿ, ಸುಣ್ಣ ಹಾಕಿ ಹೂತುಬಿಡಿ, ಅಲ್ವಾ. ಒದ್ದೆಯಾದ ಹುಲ್ಲನ್ನು ಸುಡಿ, ಕೈ ಕಾಲು ತೊಳೆದು ಬಟ್ಟೆ ಬದಲಿಸಿಯೇ ಮನೆಯೊಳಗೆ ಹೋಗಿ. ಹೆಣ್ಣು ಕರು ಆಗಿದ್ದರೆ 4ರಿಂದ 8 ತಿಂಗಳ ನಡುವೆ ಬ್ರುಸೆಲ್ಲಾ ಲಸಿಕೆ ಹಾಕಿಸಿ, ಒಂದೇ ಸಲ ಹಾಕುವುದು, ಆ ವಯಸ್ಸು ದಾಟಿದರೆ ಇಲ್ಲ.

ಕಷ್ಟಪಟ್ಟು ಈದ ಹಸುವಿಗೆ ಮೊದಲ ಬೆದೆಗೇ ಇಂಜೆಕ್ಷನ್ ಹಾಕಿಸಬೇಡಿ. ಗರ್ಭಚೀಲ ಒಣಗಿದೆಯಾ, ಕೀವು ಇದೆಯಾ ಅಂತ ಪರೀಕ್ಷೆ ಮಾಡಿಸಿ, ಈದು ಎರಡು ತಿಂಗಳಾದರೂ ಕಳೆಯಲಿ. ಮುಂದಿನ ಸಲ ಸಣ್ಣ ಮೈಯ ಹಸುವಿಗೆ ಜೆರ್ಸಿ ಅಥವಾ ಅದರದ್ದೇ ನಾಟಿ ತಳಿಯ ಸೆಮೆನ್ ಕೇಳಿ. ಮಿಶ್ರತಳಿ ಪಡ್ಡೆಗಳಿಗೆ ಬೆದೆಗೆ ಬಂತು ಅನ್ನುವುದಕ್ಕಿಂತ ತೂಕ ನೋಡಿ, 250 ಕೆಜಿ ದಾಟಿದ ಮೇಲೆ ಹಾಕಿಸಿ. ತೂಕದ ಯಂತ್ರ ಇಲ್ಲದಿದ್ದರೆ ಮುಂಗಾಲಿನ ಹಿಂದೆ ಎದೆಸುತ್ತಳತೆ ಟೇಪಿನಲ್ಲಿ ಅಳೆದು ಡಾಕ್ಟರಿಗೆ ಹೇಳಿ, ಅಂದಾಜು ತೂಕ ಅವರು ಹೇಳುತ್ತಾರೆ.